ಚಿನ್ನದ ಸೀಮೆಯ ನಿರೀಕ್ಷೆ

ಕನ್ನಡ ಸತ್ಯವೇದವನ್ನು ಓದಿದ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ನಂಬಿಕೆ, ಪ್ರೀತಿ ಎಂಬ ಎರಡು ಶಬ್ದಗಳ ಜೊತೆಯಲ್ಲಿ ಅಲ್ಲಿ ಬರತಕ್ಕ ಮೂರನೆಯ ಶಬ್ದ ‘ಆಶೆ’ಯಲ್ಲ, ‘ನಿರೀಕ್ಷೆ’. ಭಾಷಾಂತರಕಾರರು ಬಲು ವಿವೇಕದಿಂದ ಆ ಮಾತನ್ನು ಆರಿಸಿದರೆಂದೇ ನನ್ನ ಅಭಿಪ್ರಾಯ. ಆಶೆಗೆ ನಮ್ಮ ನುಡಿಯಲ್ಲಿ ಒಳ್ಳೆಯ ಹೆಸರಿಲ್ಲ; ಶರಣರೂ ದಾಸರೂ ಅದನ್ನು ಬಿಡಿಸುವುದಕ್ಕೆಂದೇ ಅಷ್ಟು ಹಾಡಿದರು. ಆಶೆಯು ತನಗೆ ಬೇಕಾದ ವಸ್ತುವನ್ನು ನೋಡುತ್ತದೆ. ನಿರೀಕ್ಷೆಯಾದರೋ ಬರತಕ್ಕವನ ದಾರಿಯನ್ನು ನೋಡುತ್ತದೆ. ಬಂಗಾರದ ಆಶೆಯಿಂದ ಹುಟ್ಟಿದ ಊರೊಂದರಲ್ಲಿ, ಆ ಬಂಗಾರದೊಳಗೆ ಎಳ್ಳಷ್ಟು ಪಾಲೂ ಇಲ್ಲದಿದ್ದ ಜನರು ಈ ಎರಡನೆಯದನ್ನು ಹೇಗೆ ಹಿಡಿದುಕೊಂಡರೆಂಬುದು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಸಾಕಷ್ಟು ಬೆಳಕು ಬೀಳದ ಒಂದು ಭಾಗ.

ಕೋಲಾರ ಸೀಮೆಯ ಸ್ವಭಾವವನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ. ವರ್ಷವಿಡೀ ಹರಿಯತಕ್ಕ ಹೊಳೆ ಇಲ್ಲಿ ಒಂದೂ ಇಲ್ಲ. ಪಾಲಾರು ಹೆಸರಿಗೆ ಹಾಲಿನ ಹೊಳೆ. ಬಹುಪಾಲು ತಿಂಗಳುಗಳಲ್ಲಿ ಮರಳಿನ ಹೊಳೆ. ಪೂರ್ವಿಕರು ಕಟ್ಟಿಸಿದ ಸಾವಿರಾರು ಕೆರೆಗಳು ತುಂಬಿದರೆ ಸುಗ್ಗಿ, ತುಂಬದಿದ್ದರೆ ಬರ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲುದಾರಿ ತೆರೆದಾಗ ಕೋಲಾರ ಪಟ್ಟಣವು ಆ ದಾರಿಗೆ ಸಿಕ್ಕಲಿಲ್ಲ. ಅದರ ದಕ್ಷಿಣದಲ್ಲಿ ಸುಮಾರು 10 ಮೈಲಿ ದೂರದಲ್ಲಿ ಒಂದು ನಿಲ್ದಾಣವಾಯಿತು. ಆಗಿನ ಮೈಸೂರು ಕಮಿಷನರ್ ಲೆವಿನ್ ಬೌರಿಂಗ್ ಸಾಹೇಬರ ಹೆಸರಿನಿಂದ ಅಲ್ಲಿ ಬೆಳೆದ ಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರಾಯಿತು. ಅದೇ ಈಗಿನ ಬಂಗಾರಪೇಟೆ. ಸಾಹೇಬರ ಹೆಸರು ಅಳಿದು ಲೋಹದ ಹೆಸರು ಬಂದುದು ಊರಿಗೆ ಒಪ್ಪುವಂತೆಯೇ ಇದೆಯೆನ್ನಬೇಕು. ಏಕೆಂದರೆ ಗಣಿಗೆ ಹೋಗುವವರೆಲ್ಲ ಅಲ್ಲಿಯೇ ಗಾಡಿ ಬದಲಾಯಿಸಬೇಕಾಗಿತ್ತು.

ಆದರೆ ಗಣಿಯ ಮಾತಿಗೆ ಮುಂಚೆ ಬರದ ಮಾತು ಬರಬೇಕು. 1875ರಲ್ಲಿಯೇ ಮಳೆ ಕೊಂಚ ಕೈಕೊಟ್ಟಿತ್ತು. 1876ರಲ್ಲಿ, ಎಂದರೆ ಧಾತು ಸಂವತ್ಸರದಲ್ಲಿ, ಹಿಂಗಾರು ಸಂಪೂರ್ಣವಾಗಿ ನಿಂತುಹೋಯಿತು. ರಾಗಿಯು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯತಕ್ಕ ಧಾನ್ಯ. ಒಂದು ವರ್ಷದ ಬರವನ್ನು ನಮ್ಮ ರೈತನು ಹಗೇವಿನ ಬಲದಿಂದ ದಾಟುತ್ತಿದ್ದನು. ಈ ಸಲ ಹಗೇವುಗಳು ಬರಿದಾದ ಮೇಲೂ ಬರ ಮುಗಿಯಲಿಲ್ಲ. ಈಶ್ವರ ಸಂವತ್ಸರದ ಮುಂಗಾರೂ ತಪ್ಪಿ, 1877ರ ಆಷಾಢ ಶ್ರಾವಣಗಳಲ್ಲಿ ಸಂಕಟವು ತುದಿಗೇರಿತು. ಮದ್ರಾಸಿನ ಬಂದರಿಗೆ ಬಂದ ಧಾನ್ಯವು ಬೌರಿಂಗ್‌ಪೇಟೆಯ ದಾರಿಯಲ್ಲಿಯೇ ಬೆಂಗಳೂರಿಗೆ ಸಾಗುತ್ತಿತ್ತು; ಆ ದಾರಿಯೊಂದೇ ಆಗ ಮೈಸೂರು ಸೀಮೆಯ ಪ್ರಾಣನಾಳ. ರೈಲಿನಿಂದ ದೂರದ ಹಳ್ಳಿಗಳಿಗೆ ಅದನ್ನು ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು.

ಅಂಕೆಗಳು ಮಾತಿಗಿಂತ ಚೆನ್ನಾಗಿ ಹೇಳುತ್ತವೆ. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯನ್ನು ಬದಿಗಿಟ್ಟರೂ 8,69,000ಕ್ಕೂ ಹೆಚ್ಚು ಜನ ಕಡಿಮೆಯಾಗಿದ್ದರು. ಆರರಲ್ಲಿ ಒಬ್ಬರು ಇಲ್ಲವೆಂದ ಹಾಗೆ. ಅತ್ಯಂತ ಹೆಚ್ಚು ನಷ್ಟಪಟ್ಟ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಹಿರಿಯರ ಬಾಯಲ್ಲಿ ‘ಧಾತು ಈಶ್ವರ’ ಎಂಬ ಜೋಡಿ ಹೆಸರು ಬಹುಕಾಲ ಉಳಿದಿತ್ತು. ಮನೆಯಲ್ಲಿ ಅನ್ನ ಚೆಲ್ಲಿದ ಮಗುವನ್ನು ಗದರಿಸುವುದಕ್ಕೆ ಆ ಎರಡು ಹೆಸರುಗಳೇ ಸಾಕಾಗಿದ್ದುವು.

ಈ ಸಮಯದಲ್ಲಿ ಕೋಲಾರದಲ್ಲಿದ್ದ ಒಬ್ಬ ಆಂಗ್ಲ ಸ್ತ್ರೀಯ ಹೆಸರು ಮಿಸ್ ಲೂಯಿಸಾ ಆನ್‌ಸ್ಟೀ. ಮೊದಲು ಲಂಡನ್ ಮಿಷನ್ನಿನ ಕೆಲಸಕ್ಕಾಗಿ ಬೆಂಗಳೂರಿಗೆ ಬಂದವರು, ಬಳಿಕ ಆ ಸಂಘವನ್ನು ಬಿಟ್ಟು, ಸ್ವತಂತ್ರವಾಗಿ ಕೋಲಾರದಲ್ಲಿ ನೆಲಸಿದರು. ಅವರಿಗೆ ಸಂಬಳ ಕೊಡತಕ್ಕ ಸಂಘವಿರಲಿಲ್ಲ. ದೇವರು ಒದಗಿಸುವನೆಂಬ ನಂಬಿಕೆಯ ಮೇಲೆ ಕೆಲಸ ನಡೆಸುವ ಒಂದು ಪದ್ಧತಿ ಆ ಕಾಲದ ಇಂಗ್ಲೆಂಡಿನಲ್ಲಿ ಪ್ರಸಿದ್ಧವಾಗಿತ್ತು. ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರ್ ಎಂಬಾತನು 1836ರಿಂದ ಅನಾಥಾಲಯವನ್ನು ಹಾಗೆಯೇ ನಡೆಸುತ್ತಿದ್ದನು. ನಮ್ಮ ಕಡೆಯ ಮಠ ಛತ್ರಗಳಿಗೆ ಉಂಬಳಿಯಿರುತ್ತದೆ, ಇಲ್ಲವೆ ಭಕ್ತರ ವಂತಿಗೆಯಿರುತ್ತದೆ. ಇವೆರಡೂ ಇಲ್ಲದೆ, ನಾಳೆಯ ಅಕ್ಕಿಯ ಲೆಕ್ಕ ಇಂದು ಗೊತ್ತಿಲ್ಲದೆ, ಪರದೇಶದ ಒಬ್ಬ ಅವಿವಾಹಿತೆ ಬರದ ವರ್ಷದಲ್ಲಿ ಬಾಗಿಲು ತೆರೆದಿಟ್ಟುದು ವಿವೇಕವೋ ಸಾಹಸವೋ ಎಂದು ಆಗಿನವರಿಗೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ದಿಕ್ಕಿಲ್ಲದ ಮಕ್ಕಳು ನೂರಾರು ಸಂಖ್ಯೆಯಲ್ಲಿ ಆ ಬಾಗಿಲಿಗೆ ಬಂದರು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬರದ ಪರಿಹಾರವೆಂದರೆ ನಾವು ಸಾಮಾನ್ಯವಾಗಿ ಗಂಜಿಯ ಕೇಂದ್ರಗಳನ್ನೂ, ಕೆರೆ ರಸ್ತೆಗಳ ಕೆಲಸವನ್ನೂ ನೆನೆಯುತ್ತೇವೆ. ಸರ್ಕಾರವು ಇವೆರಡನ್ನೂ ನಡೆಸಿತು, ತಡವಾಗಿಯಾದರೂ ನಡೆಸಿತು. ಹಿಂದೂ ಧರ್ಮಿಷ್ಠರೂ ಅನ್ನವಿಕ್ಕಿದರು. 1877ರ ಕೊನೆಯಲ್ಲಿ ಮಳೆ ಬಂತು. ಪೈರು ಕೈಗೆ ಬಂದಮೇಲೆ ಗಂಜಿಯ ಕೊಪ್ಪರಿಗೆಗಳು ಕೆಳಗಿಳಿದವು, ಲೆಕ್ಕದ ಪುಸ್ತಕಗಳನ್ನು ಮುಚ್ಚಿದರು. ಸರ್ಕಾರಕ್ಕೆ ಬರ ಮುಗಿಯಿತು. ಆದರೆ ತಾಯಿತಂದೆಗಳನ್ನು ಕಳೆದುಕೊಂಡ ಐದು ವರ್ಷದ ಹುಡುಗಿಗೆ ಬರ ಮುಗಿಯುವುದು ಯಾವಾಗ? ಅವಳಿಗೆ ಹದಿನೈದು ವರ್ಷವಾಗುವವರೆಗೆ ದಿನವೂ ಯಾರಾದರೂ ಇರಬೇಕು. ಅನಾಥಾಲಯದ ಕೆಲಸ ಮೊದಲಾಗುವುದು ಪರಿಹಾರದ ಕೆಲಸ ಮುಗಿದ ಮೇಲೆ. ಆನ್‌ಸ್ಟೀಯವರು 1877ರ ಬಳಿಕವೂ ಅಲ್ಲೇ ಉಳಿದರೆಂಬುದೇ ಅವರ ಕಥೆಯ ಮುಖ್ಯಾಂಶ. 1890ರಲ್ಲಿ ಅವರು ತಮ್ಮ ಮಿಷನ್ನನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದರು. ಅಷ್ಟರಲ್ಲಿ ಬರದ ಮಕ್ಕಳು ಬೆಳೆದು, ಮದುವೆಯಾಗಿ, ತಾವೇ ಮಕ್ಕಳ ತಾಯಿತಂದೆಗಳಾಗುವ ವಯಸ್ಸಿಗೆ ಬಂದಿದ್ದರು.

ಇನ್ನು ವಾಚಕರ ಮನಸ್ಸಿನಲ್ಲಿ ಎದ್ದಿರಬಹುದಾದ ಪ್ರಶ್ನೆ. ಆ ಮಕ್ಕಳಿಗೆ ದೊರೆತದ್ದು ನಿರೀಕ್ಷೆಯೋ, ಅಥವಾ ಗಂಜಿಯ ಬೆಲೆಗೆ ಮಾರಿದ ಮತವೋ? ಈ ಪ್ರಶ್ನೆಯನ್ನು ಕೇಳುವುದು ಅನ್ಯಾಯವಲ್ಲ. ಅದನ್ನು ಕೇಳದೆ ಹೊಗಳಿಕೆಯ ಚರಿತ್ರೆ ಬರೆಯುವುದೇ ಅನ್ಯಾಯ. ಹಸಿದ ಮಗು ಮತವನ್ನು ಆರಿಸಲಿಲ್ಲವೆಂಬುದು ಸ್ಪಷ್ಟ. ಅನ್ನವಿಟ್ಟ ಕೈಯನ್ನು ಅದು ಹಿಡಿಯಿತು. ಆ ಕೈ ಕಲಿಸಿದ ಪ್ರಾರ್ಥನೆಯನ್ನು ಕಲಿಯಿತು. ಮಿಷನರಿಗಳಿಗೆ ಸೇವೆಯೂ ಮತಪ್ರಸಾರವೂ ಬೇರೆ ಬೇರೆ ಕೆಲಸಗಳಾಗಿರಲಿಲ್ಲ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಮತ್ತೊಂದು ಕಡೆಯಿಂದ ನೋಡಿದರೆ, ಮಿಷನ್ನಿನ ಅಡಿಗೆಮನೆಯಲ್ಲಿ ಉಂಡ ಮಗುವಿಗೆ ಮರಳಿ ಊರು ಸೇರುವ ದಾರಿಯನ್ನು ಮುಚ್ಚುತ್ತಿದ್ದುದು ಮಿಷನ್ನಲ್ಲ, ನಮ್ಮ ಜಾತಿಕಟ್ಟು. ಯಾರ ಕೈಯ ಅನ್ನ ಉಂಡಿತೆಂದು ವಿಚಾರಿಸುವುದಕ್ಕೆ ಹತ್ತು ಜನರಿದ್ದರು. ಅನ್ನವಿಕ್ಕಿ ಬೆಳೆಸುವುದಕ್ಕೆ ಒಬ್ಬರಿದ್ದರು. ಎರಡೂ ಸಂಗತಿಗಳನ್ನು ಒಂದೇ ತಕ್ಕಡಿಯಲ್ಲಿಡದೆ ತೀರ್ಪು ಹೇಳುವುದು ತರವಲ್ಲ. ಆ ಮಕ್ಕಳ ಮೊಮ್ಮಕ್ಕಳು ಗಂಜಿಯ ಗೊಡವೆಯಿಲ್ಲದ ಕಾಲದಲ್ಲಿಯೂ ಆ ನಂಬಿಕೆಯನ್ನು ಬಿಡಲಿಲ್ಲವೆಂಬುದನ್ನು ಮಾತ್ರ ತಕ್ಕಡಿಗೆ ಸೇರಿಸಿ ಮುಂದೆ ಹೋಗುತ್ತೇನೆ.

ಅದೇ ಬರಗಾಲದ ವರ್ಷಗಳಲ್ಲಿ ದಕ್ಷಿಣದ ದಾರಿಗಳಲ್ಲಿ ಅಲೆಯುತ್ತಿದ್ದ ಇನ್ನೊಂದು ಕುಟುಂಬವಿತ್ತು. ಅದರ ಮಗಳು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವಳು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಹಾಪಂಡಿತರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ನಿಂದೆಗೆ ಗುರಿಯಾದವರು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ಹಸಿವಿನಿಂದ ತೀರಿಕೊಂಡರು. ಉಳಿದ ಮಗಳೇ ಪಂಡಿತಾ ರಮಾಬಾಯಿ. ಅವರನ್ನು ಯಾವ ಮಿಷನ್ನಿನ ಗಂಜಿಯೂ ಸಾಕಲಿಲ್ಲ. ಕಲ್ಕತ್ತೆಯ ವಿದ್ವಾಂಸರಿಂದ ‘ಸರಸ್ವತಿ’ ಎಂಬ ಬಿರುದನ್ನು ಪಡೆದ ಮೇಲೆ, 1883ರಲ್ಲಿ ಇಂಗ್ಲೆಂಡಿನಲ್ಲಿ, ತಾವೇ ಓದಿ ತೂಗಿ ನೋಡಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. 1896ರ ಬಳಿಕ ಮತ್ತೆ ಬರ ಬಂದಾಗ ಪುಣೆಯ ಬಳಿಯ ಕೇಡಗಾಂವಿನಲ್ಲಿ ನೂರಾರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡವರು ಅವರೇ. ಕೋಲಾರದ ಅನಾಥ ಬಾಲೆಯೂ ಈ ಪಂಡಿತೆಯೂ ಒಂದೇ ಕಾಲದ ಹಸಿವಿನಿಂದ ಹೊರಟು ಒಂದೇ ಕಡೆಗೆ ಬಂದರು. ಒಬ್ಬಳನ್ನು ಎತ್ತಿಕೊಂಡು ಬಂದರು, ಮತ್ತೊಬ್ಬರು ನಡೆದು ಬಂದರು.

ಕೋಲಾರದಲ್ಲಿ ಮೆಥೊಡಿಸ್ಟರು ಅನಾಥಾಲಯವನ್ನು ಮುಂದುವರಿಸಿದರು, ಕೈಕಸಬನ್ನು ಕಲಿಸಿದರು, ಶಾಲೆಗಳನ್ನು ನಡೆಸಿದರು. 1910ರಲ್ಲಿ ಅಲ್ಲಿ ಒಂದು ಆಸ್ಪತ್ರೆಯಾಯಿತು. ಅದಕ್ಕೆ ಬಿಷಪ್ ಥೋಬರ್ನರ ಸೋದರಿ ಎಲೆನ್ ಥೋಬರ್ನ್ ಕೋವೆನ್ ಅವರ ಸ್ಮಾರಕವಾಗಿ ಹೆಸರಿಟ್ಟರು. ಅಷ್ಟುದ್ದದ ಹೆಸರು ನಮ್ಮ ಹಳ್ಳಿಯವರ ಬಾಯಿಗೆ ಹಿಡಿಸದು. ಅವರಿಗೆ ಅದು ಮಿಷನ್ ಆಸ್ಪತ್ರೆ. ಹೆರಿಗೆಗೆಂದು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದವರು ಯಾವ ಮತದವರೆಂದು ಕೇಳುವವರು ಅಲ್ಲಿರಲಿಲ್ಲ.

ಈಗ ಗಣಿಯ ಕಡೆಗೆ ತಿರುಗೋಣ. 1802ರಲ್ಲಿ ಲೆಫ್ಟಿನೆಂಟ್ ವಾರನ್ ಎಂಬ ಸರ್ವೇ ಅಧಿಕಾರಿಯು ಊರಿಗಾಂ, ಮಾರಿಕುಪ್ಪಂ ಹಳ್ಳಿಗಳಲ್ಲಿ ಮಣ್ಣು ತೊಳೆದು ಚಿನ್ನ ತೆಗೆಯುವವರನ್ನು ಕಂಡು ಬರೆದಿಟ್ಟಿದ್ದನು. ನ್ಯೂಜೀಲೆಂಡಿನ ಯುದ್ಧದಲ್ಲಿ ಸಿಪಾಯಿಯಾಗಿದ್ದ ಲವೆಲ್ ಎಂಬ ಐರಿಷ್ ಮನುಷ್ಯನು ಅದನ್ನೋದಿ, 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಹೊರಟು ಬಂದು, 1875ರಲ್ಲಿ ಗಣಿ ತೋಡಲು ಅನುಮತಿ ಪಡೆದನು. ಅನುಮತಿಯ ವರ್ಷಕ್ಕೂ ಬರದ ವರ್ಷಕ್ಕೂ ನಡುವೆ ಅಂತರ ಒಂದೇ ವರ್ಷ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕೆಲಸವನ್ನು ವಹಿಸಿಕೊಂಡಿತು. ಮೂರು ನಾಲ್ಕು ವರ್ಷ ತೋಡಿದರೂ ಚಿನ್ನ ಸಿಕ್ಕಲಿಲ್ಲ; ಷೇರುದಾರರು ಕೈಚೆಲ್ಲುವ ಹಂತಕ್ಕೆ ಬಂದರು. ಉಳಿದ ಅಲ್ಪ ಹಣದಿಂದ ಪ್ಲಮ್ಮರ್ ಎಂಬ ಮೇಲ್ವಿಚಾರಕನು ಹಳೆಯ ಗುಂಡಿಗಳ ಕೆಳಗೆ ತೋಡಿಸಿ ‘ಚಾಂಪಿಯನ್’ ಎಂಬ ಚಿನ್ನದ ಪದರವನ್ನು ಕಂಡನು. ಆಮೇಲಿನದು ಲೋಕಪ್ರಸಿದ್ಧ ಕಥೆ: 1894ರಲ್ಲಿ ಬೌರಿಂಗ್‌ಪೇಟೆಯಿಂದ ಗಣಿಗೆ ಕವಲು ರೈಲು, 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯ ಮೇಲೆ ಬಂದ ವಿದ್ಯುಚ್ಛಕ್ತಿ. ಇಂಗ್ಲಿಷ್ ಪುಸ್ತಕಗಳು ಇದನ್ನು ನಿರಾಶೆಯಲ್ಲಿ ಬಿಡದ ಛಲದ ಕಥೆಯಾಗಿ ಹೇಳುತ್ತವೆ. ಛಲವೇನೋ ಹೌದು. ಆದರೆ ನಾನು ಹೇಳಬೇಕೆಂದಿರುವ ನಿರೀಕ್ಷೆ ಆ ಷೇರುದಾರರದಲ್ಲ.

ನೆಲದ ಕೆಳಗಿಳಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಸೇಲಂ ಜಿಲ್ಲೆಗಳಿಂದ ಬಂದ ಆದಿದ್ರಾವಿಡ ಕೂಲಿಗಳು. ಅವರ ಊರುಗಳನ್ನೂ ಅದೇ ಧಾತು ವರ್ಷದ ಬರ ಸುಟ್ಟಿತ್ತು. ಗೌಡನ ಜೀತಕ್ಕಿಂತ ಗಣಿಯ ಕೂಲಿ ಮೇಲೆಂದು ಅವರು ಬಂದರು. ವಾಸಕ್ಕೆ ಸಾಲುಸಾಲಾಗಿ ಬಿದಿರುತಟ್ಟಿಯ ಗುಡಿಸಲುಗಳು. ಒಂದೊಂದು ಗುಡಿಸಲಿನಲ್ಲಿ ಎರಡು ಮೂರು ಸಂಸಾರಗಳಿರುವುದೂ ಉಂಟು. ಆ ಸಾಲುಗಳಿಗೆ ಇಂದಿಗೂ ‘ಲೈನು’ ಎಂದೇ ಹೆಸರು. ಬೆಳಗಿನ ಸೈರನ್ನು ಕೂಗಿದರೆ ಕಬ್ಬಿಣದ ತೊಟ್ಟಿಲಿನಂಥ ಕೇಜಿನಲ್ಲಿ ನಿಂತು ಪಾತಾಳಕ್ಕಿಳಿಯಬೇಕು. ಚಾಂಪಿಯನ್ ರೀಫಿನ ಗಣಿ ಕೊನೆಗೆ 10,000 ಅಡಿಗೂ ಹೆಚ್ಚು ಆಳಕ್ಕೆ ಹೋಯಿತು. ಅಷ್ಟು ಕೆಳಗೆ ಬಂಡೆಯೇ ಕಾದಿರುತ್ತದೆ. ಮೇಲಿನ ಭಾರಕ್ಕೆ ಕೆಲವೊಮ್ಮೆ ಬಂಡೆಯು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ನೆಲದ ಮೇಲಿನ ಮನೆಗಳ ಪಾತ್ರೆಗಳೂ ಅಲುಗಾಡುತ್ತಿದ್ದುವು. ಪಾತ್ರೆ ಅಲುಗಿದ ಕೂಡಲೆ ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಬಂಡೆ ಬಿಟ್ಟವನನ್ನು ಕಲ್ಲಿನ ಧೂಳು ಬಿಡುತ್ತಿರಲಿಲ್ಲ. ವೈದ್ಯರ ಪರೀಕ್ಷೆಯ ವರದಿ 1947ರಲ್ಲಿ ಹೊರಬಂದಾಗ, ಪರೀಕ್ಷಿಸಿದ ಸಾವಿರಾರು ಕೆಲಸಗಾರರಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು.

ಈ ಜನರ ನಡುವೆ ಹಲವು ಸಭೆಗಳು ಕೆಲಸಮಾಡಿದುವು. ಕೆಥೊಲಿಕರ ಜಯಮಾತೆಯ ದೇವಾಲಯ ಚಾಂಪಿಯನ್ ರೀಫಿನಲ್ಲಿ ಎದ್ದಿತು. ಪ್ಯಾರಿಸ್ಸಿನ ಮಿಷನ್ನಿಗೆ ಸೇರಿದ ಫ್ರೆಂಚ್ ಪಾದ್ರಿಗಳು ಆಗ ಮೈಸೂರು ಸೀಮೆಯ ಕೆಥೊಲಿಕರ ಗುರುಗಳು. ಮೆಥೊಡಿಸ್ಟರೂ ಲೂಥರನರೂ ಬಂದರು. ಊರಿಗಾಮಿನಲ್ಲಿ ಸಂತ ಮಿಖಾಯಿಲನ ಹೆಸರಿನ ಆಂಗ್ಲಿಕನ್ ಚರ್ಚು ಕಟ್ಟಲ್ಪಟ್ಟಿತು. ಇದನ್ನೂ ಹೇಳಿಬಿಡಬೇಕು: ಈ ಕೊನೆಯದು ಮುಖ್ಯವಾಗಿ ದೊರೆಗಳ ಚರ್ಚು. ಒಂದೇ ಗಣಿಯಲ್ಲಿ ಇಳಿದವರು ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತಿರಲಿಲ್ಲ. ದೇವರ ಮುಂದೆ ಎಲ್ಲರೂ ಸಮಾನರೆಂಬ ಬೋಧೆಯು ಬಂಗಲೆಗಳ ಗುಡ್ಡವನ್ನು ಹತ್ತುವಾಗ ಬಹಳ ಏದುಸಿರು ಬಿಟ್ಟಿತು. ಜಾತಿಯೂ ದೇವಾಲಯದ ಬಾಗಿಲಲ್ಲೇ ಚಪ್ಪಲಿಯ ಹಾಗೆ ಕಳಚಿ ಬೀಳಲಿಲ್ಲ.

ಹೀಗಿದ್ದರೂ ಕೂಲಿಕಾರನಿಗೆ ಅಲ್ಲಿ ಏನು ಸಿಕ್ಕಿತು? ಪಂಡಿತರ ತರ್ಕಕ್ಕಿಂತ ಒಂದೆರಡು ಸಣ್ಣ ಸಂಗತಿಗಳು ಇದಕ್ಕೆ ಉತ್ತರ ಕೊಡುತ್ತವೆಂದು ನನಗೆ ತೋರುತ್ತದೆ. ಕಂಪೆನಿಯ ಪುಸ್ತಕದಲ್ಲಿ ಅವನು ಒಂದು ನಂಬರು. ಹೊರಗೆ ಬರುವಾಗ ಚಿನ್ನ ಕದ್ದನೋ ಎಂದು ಮೈಯೆಲ್ಲ ತಡವಿ ನೋಡಬೇಕಾದ ಒಂದು ದೇಹ. ದೇವಾಲಯದ ದೀಕ್ಷಾಸ್ನಾನದ ಪುಸ್ತಕದಲ್ಲಾದರೋ ಅವನಿಗೆ ಹೆಸರಿತ್ತು, ತಂದೆಯ ಹೆಸರಿತ್ತು. ಸತ್ತರೆ ಆ ಹೆಸರು ಹೇಳಿ ಮಣ್ಣುಕೊಡುವವರಿದ್ದರು. ಊರಿನಲ್ಲಿ ಅಕ್ಷರದ ಹತ್ತಿರ ಸುಳಿಯಲಾಗದ ಮನೆಯ ಹುಡುಗ ಇಲ್ಲಿ ಪಾಠಶಾಲೆಯಲ್ಲಿ ಕುಳಿತನು. ಇನ್ನೊಂದು, ಇದಕ್ಕಿಂತ ಆಳವಾದುದು. ಕ್ರೈಸ್ತರು ವಿಶ್ವಾಸದ ಪ್ರಮಾಣವಾಗಿ ಹೇಳತಕ್ಕ ಮಾತುಗಳಲ್ಲಿ ಕ್ರಿಸ್ತನು ಸತ್ತವರ ಲೋಕಕ್ಕಿಳಿದು ಮೂರನೆಯ ದಿನ ಎದ್ದನೆಂಬುದೊಂದು. ನಮ್ಮಂಥ ನೆಲದ ಮೇಲಿನವರಿಗೆ ಅದು ಸಿದ್ಧಾಂತ. ಪ್ರತಿದಿನವೂ ಕತ್ತಲಿಗಿಳಿದು, ಮೇಲೆ ಬಂದರೆ ಬಂದೆನೆಂಬ ಸ್ಥಿತಿಯಲ್ಲಿದ್ದವನಿಗೆ ಅದು ತನ್ನದೇ ದಿನಚರಿಯಂತೆ ಕೇಳಿಸಿದ್ದರೆ ಅದರಲ್ಲಿ ಸೋಜಿಗವೇನು? ಕೆಳಗಿಳಿದವನೊಬ್ಬನು ಮೇಲೆ ಬಂದಿದ್ದಾನೆ. ಆ ಸುದ್ದಿಯೊಂದೇ ಅವನಿಗೆ ಸಾಕಾಗಿರಬಹುದು.

ಇದು ಕೊಟ್ಟದ್ದನ್ನು ತೆಗೆದುಕೊಂಡ ಭಿಕ್ಷೆಯಲ್ಲ, ಆರಿಸಿಕೊಂಡದ್ದು ಎಂಬುದಕ್ಕೆ ಚಿನ್ನದ ಗಣಿಯಲ್ಲೇ ಒಂದು ಪ್ರಮಾಣವುಂಟು. ಅದೇ ಲೈನುಗಳಲ್ಲಿ, ಅದೇ ಜನರಲ್ಲಿ, ಇನ್ನೊಂದು ದಾರಿ ಹಿಡಿದವರೂ ಇದ್ದರು. ಮದ್ರಾಸಿನ ಪಂಡಿತ ಅಯೋತ್ತಿದಾಸರು 1898ರಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಶಾಖೆ 1907ರ ಹೊತ್ತಿಗೆ ಮಾರಿಕುಪ್ಪದಲ್ಲಿ ನೆಲೆಗೊಂಡಿತು. ಅವರ ತಮಿಳು ಪತ್ರಿಕೆಯನ್ನು ಗಣಿಯ ಕೆಲಸಗಾರರು ಓದಿಸಿ ಕೇಳುತ್ತಿದ್ದರು. ತಾವು ಮೂಲದಲ್ಲಿ ಬೌದ್ಧರು, ಅಸ್ಪೃಶ್ಯತೆ ಆಮೇಲೆ ಹೇರಿದ್ದು ಎಂಬುದು ಅವರ ವಾದ. ಒಂದು ಗುಡಿಸಲಿನವನು ಬುದ್ಧನಿಗೆ ಶರಣಾದರೆ ಪಕ್ಕದವನು ಕ್ರಿಸ್ತನಿಗೆ, ಅದರಾಚೆಯವನು ಮಾರಿಯಮ್ಮನಿಗೆ. ವಾದಗಳು ನಡೆದುವು, ಕರಪತ್ರಗಳು ಹೊರಟುವು. ಇಷ್ಟು ಬಾಗಿಲುಗಳು ತೆರೆದಿರುವಲ್ಲಿ ಒಂದನ್ನು ಹೊಕ್ಕವನನ್ನು ಬರಿಯ ಹೊಟ್ಟೆಪಾಡಿನವನೆಂದು ತಳ್ಳಿಹಾಕಲಾಗದು. 1877ರ ಮಗು ಆರಿಸಲಿಲ್ಲ. 1907ರ ಕೂಲಿಕಾರನು ಆರಿಸಿದನು.

ಅವನು ಬರಿಯ ಪರಲೋಕವನ್ನು ನೋಡುತ್ತ ಕೈಕಟ್ಟಿ ಕುಳಿತನೆಂದೂ ಹೇಳುವಂತಿಲ್ಲ. 1930ರ ಏಪ್ರಿಲ್ಲಿನಲ್ಲಿ ಗುರುತಿಗಾಗಿ ಕೆಲಸಗಾರರ ಬೆರಳಚ್ಚು ತೆಗೆಯಬೇಕೆಂಬ ಹೊಸ ಕಟ್ಟಳೆಯ ವಿರುದ್ಧ ಗಣಿಗಳೆಲ್ಲ ಸ್ತಬ್ಧವಾದುವು. ಯಾವ ಮತದವರೆಂಬ ಭೇದವಿಲ್ಲದೆ ಜನ ಕೆಲಸ ಬಿಟ್ಟರು. ಎಷ್ಟೋ ಮಂದಿ ಮೂಟೆ ಕಟ್ಟಿಕೊಂಡು ಊರಿಗೆ ಹೊರಟರು. ಮುಷ್ಕರವು ಮತದ ಕೆಲಸವಲ್ಲ, ಕೂಲಿಕಾರರ ಕೆಲಸ. ಆದರೆ ಭಾನುವಾರ ಹೆಸರು ಹಿಡಿದು ಕರೆಸಿಕೊಂಡವನಿಗೆ ಸೋಮವಾರ ಬೆರಳಚ್ಚಾಗುವುದು ಹಿಡಿಸದಿದ್ದುದು ಸಹಜ.

ಆಮೇಲಿನ ವರ್ಷಗಳನ್ನು ಬೇಗನೆ ದಾಟಬಹುದು. 1933ರಲ್ಲಿ ರಾಬರ್ಟ್‌ಸನ್‌ಪೇಟೆಯಲ್ಲಿ ಕನ್ಯಾಸ್ತ್ರೀಯರು ಸಂತ ತೆರೇಸಾ ಶಾಲೆಯನ್ನು ತೆರೆದರು. 1937ರಲ್ಲಿ ಬಂಗಾರಪೇಟೆಯಲ್ಲಿ ಬೋಧಕರನ್ನು ತಯಾರುಮಾಡುವ ದಕ್ಷಿಣ ಭಾರತ ಬಿಬ್ಲಿಕಲ್ ಸೆಮಿನರಿ ಮೊದಲಾಯಿತು. ಗಾಡಿ ಬದಲಾಯಿಸುವ ಊರು ವೇದ ಓದುವ ಊರೂ ಆಯಿತು. 1947ರಲ್ಲಿ ಆಂಗ್ಲಿಕನರು ದಕ್ಷಿಣ ಭಾರತ ಸಭೆಯಲ್ಲಿ ಕೂಡಿದರು. ದೊರೆಗಳು ಹೋದರು, ಊರಿಗಾಮಿನ ಚರ್ಚಿನ ಬೆಂಚುಗಳಲ್ಲಿ ಹಿಂದೆ ಅಲ್ಲಿ ಕೂರದವರು ಕುಳಿತರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದುವು. ಚಿನ್ನ ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರುತ್ತ ಬಂದು, 2001ನೆಯ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪುಗಳು ನಿಂತುವು; ಮೂರು ನಾಲ್ಕು ತಲೆಮಾರಿನವರು ತೋಡಿದ ದಾರಿಗಳಲ್ಲಿ ನೀರು ಏರಿತು.

ಧಾತು ವರ್ಷದ ಬಳಿಕ ಈ ಸೀಮೆಗೆ ಬಂದ ದೊಡ್ಡ ನಿರಾಶೆ ಇದೇ. ಅದರಲ್ಲಿ ಹಸಿವಿಗಿಂತ ಅವಮಾನ ಹೆಚ್ಚು. ಕಂಪೆನಿ ಕೊಟ್ಟ ಮನೆ, ಕಂಪೆನಿ ಕೊಟ್ಟ ನೀರು, ಕಂಪೆನಿಯ ಆಸ್ಪತ್ರೆ. ಕಂಪೆನಿಯೇ ಇಲ್ಲವಾದ ಮೇಲೆ ಮನುಷ್ಯ ಯಾರವನು? ಈ ಸಲ ಹೊರಗಿನಿಂದ ಬಂದು ಬಾಗಿಲು ತೆರೆದವರಿಲ್ಲ. ದೇವಾಲಯಗಳಿಗೂ ಕೊಡುವುದಕ್ಕೆ ಕೆಲಸವಿರಲಿಲ್ಲ. ಕೆಲಸ ಹೋದವರ ಕಾಣಿಕೆಯಿಂದಲೇ ಅವು ನಡೆಯಬೇಕಾಗಿತ್ತು. ಗಂಜಿಯ ಬೆಲೆಗೆ ಕೊಂಡ ಮತವಾಗಿದ್ದರೆ ಗಂಜಿ ನಿಂತ ದಿನ ಅದೂ ನಿಲ್ಲಬೇಕಾಗಿತ್ತು.

ಈಚೆಗೆ ಒಂದು ಶನಿವಾರ ನಾನು ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿ ಚಾಂಪಿಯನ್ನಿನಲ್ಲಿಳಿದೆನು. ಸೈನೈಡಿನ ಬೂದು ದಿಬ್ಬಗಳು ಮೊದಲಿನಂತೆಯೇ ಇವೆ. ಗಾಳಿ ಬೀಸಿದರೆ ಅವುಗಳ ಧೂಳು ಊರಿನ ಮೇಲೆ ಬೀಳುತ್ತದೆ. ಶಾಫ್ಟುಗಳ ಕಬ್ಬಿಣದ ಗೋಪುರಗಳು ತುಕ್ಕು ಹಿಡಿದಿವೆ. ಮರುದಿನದ ಬೆಳಗಿನ ಪೂಜೆಗೆ ಜಯಮಾತೆಯ ದೇವಾಲಯದಲ್ಲಿ ನಿಂತೆನು. ಒಳಗೆ ಕೂರಲು ಸ್ಥಳವಿರಲಿಲ್ಲ. ಪ್ರಸಂಗ ತಮಿಳಿನಲ್ಲಿ, ನನಗೆ ಅರ್ಧ ಅರ್ಥವಾಯಿತು. ತೀರಿಕೊಂಡವರಿಗಾಗಿ ಪ್ರಾರ್ಥಿಸುವಾಗ ಪಾದ್ರಿಗಳು ಹೆಸರುಗಳನ್ನು ಒಂದೊಂದಾಗಿ ಓದಿದರು. ಆ ಪಟ್ಟಿ ಬಹಳ ಉದ್ದವಾಗಿತ್ತು, ಯಾರೂ ಅವಸರಪಡಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೆಮ್ಮಿಗೆ ಬಾಯಿಗೆ ವಸ್ತ್ರ ಹಿಡಿದುಕೊಂಡಿದ್ದರು. ಹೊರಗೆ ಬಂದ ಮೇಲೆ ಅವರನ್ನು, ಗಣಿ ಮತ್ತೆ ತೆರೆಯುವುದೆಂಬ ಸುದ್ದಿ ಕೇಳಿದಿರಾ ಅಯ್ಯಾ, ಎಂದು ವಿಚಾರಿಸಿದೆನು. ಆ ಸುದ್ದಿ ಪ್ರತಿ ಚುನಾವಣೆಗೂ ಬರುತ್ತದೆಂದು ಹೇಳಿ ನಕ್ಕರು. ಮುಂದಿನ ಭಾನುವಾರ ಮೊಮ್ಮಗಳ ಮೊದಲ ಪರಮಪ್ರಸಾದವಿದೆ, ಬನ್ನಿರೆಂದು ಕರೆದರು.

ಸೋಮವಾರ ಇನ್ನೂ ಕತ್ತಲಿರುವಾಗ ಅಲ್ಲಿಂದಲೇ ಗಾಡಿ ಹತ್ತಿದೆನು. ಬೆಂಗಳೂರಿನ ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ಕೂಲಿಗೆ ಹೋಗತಕ್ಕ ಗಂಡಸರೂ ಹೆಂಗಸರೂ ಬುತ್ತಿಯ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಒತ್ತೊತ್ತಾಗಿ ಕುಳಿತಿದ್ದರು. ಕೆಲವರು ನಿದ್ರೆ ಹೋಗಿದ್ದರು. ಒಂದು ಮೂಲೆಯಲ್ಲಿ ನಾಲ್ಕೈದು ಹೆಂಗಸರು ಜಪಮಣಿ ಎಣಿಸುತ್ತ ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದರು. ಬಂಗಾರಪೇಟೆಯಲ್ಲಿ ಗಾಡಿಯು ದೊಡ್ಡ ದಾರಿಗೆ, 1877ರಲ್ಲಿ ಧಾನ್ಯದ ಮೂಟೆಗಳು ಬಂದ ದಾರಿಗೆ ತಿರುಗಿಕೊಂಡಾಗ ಬೆಳಕು ಹರಿಯಿತು. ಅವರ ಪ್ರಾರ್ಥನೆ ಮಾಲೂರಿನವರೆಗೂ ನಡೆದಿತ್ತು.